ಕಟ್ಟಡಕ್ಕೆ ಎರಡು ಹವೆ: ಪರದೇಶಿಯೊಬ್ಬರು ಕಂಡ ಶಿಕಾಗೊ

ಅಧ್ಯಕ್ಷರೇ, ಸಭಿಕರೇ,

ಶಿಕಾಗೊ ನಗರದ ಕಟ್ಟಡಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಅಲ್ಲಿನ ಚಳಿ, ಗಾಳಿ, ಸೆಕೆಗಳನ್ನೂ ಜೊತೆಗಿಟ್ಟುಕೊಂಡು ಮಾತನಾಡುವುದಾದರೆ ಮಾತ್ರ ಒಪ್ಪುತ್ತೇನೆ ಎಂದಿದ್ದೆ. ಆ ಊರಿನಲ್ಲಿ ಕಟ್ಟಡವನ್ನೂ ಹವೆಯನ್ನೂ ಬೇರೆ ಬೇರೆಯಾಗಿ ನೋಡುವ ಅನುಕೂಲ ಇರುವುದು ಪ್ರವಾಸಿಗರಿಗೆ. ಜೂನ್ ತಿಂಗಳ ಒಂದು ಮಧ್ಯಾಹ್ನ ನದಿಯ ದೋಣಿಯಲ್ಲಿ ಕುಳಿತು, ಮಾರ್ಗದರ್ಶಿ ಬೆರಳು ತೋರಿಸಿದ ಕಡೆಗೆಲ್ಲ ಕತ್ತೆತ್ತಿ ನೋಡಿದವರಿಗೆ ಗೋಪುರಗಳ ಸಾಲು ಕಾಣುತ್ತದೆ, ಫೋಟೋ ಸಿಗುತ್ತದೆ. ಅಲ್ಲಿ ಬಾಡಿಗೆ ಮನೆ ಹಿಡಿದು ವರ್ಷಗಟ್ಟಲೆ ಕೆಲಸಕ್ಕೆ ನಡೆದುಕೊಂಡು ಹೋದ ನನ್ನಂಥ ಪರದೇಶಿಗೆ ಕಟ್ಟಡಗಳು ಪರಿಚಯವಾದದ್ದು ಕೆಳಗಿನಿಂದ: ಮೊದಲು ಬಾಗಿಲು, ಆಮೇಲೆ ಗಾಳಿ ತಿರುಗುವ ಮೂಲೆ, ಬಹಳ ತಡವಾಗಿ ತುದಿ.

ಹಾಗೆ ಕೆಳಗಿನಿಂದ ನೋಡುತ್ತ ನನಗೆ ಖಚಿತವಾದ ಸಂಗತಿ ಇಷ್ಟು. ಪ್ರತಿಯೊಂದು ದೊಡ್ಡ ಕಟ್ಟಡವೂ ಎರಡು ಹವೆಗಳನ್ನು ಉಂಟುಮಾಡುತ್ತದೆ. ಒಂದು ಅದರ ಒಳಗೆ, ಇನ್ನೊಂದು ಅದರ ಬುಡದಲ್ಲಿ. ಒಳಗಿನ ಹವೆಗೆ ಮಾಲೀಕರಿದ್ದಾರೆ, ಎಂಜಿನಿಯರುಗಳಿದ್ದಾರೆ, ಬಿಲ್ಲು ಕಟ್ಟುವವರಿದ್ದಾರೆ. ಬುಡದ ಹವೆಗೆ ಹೇಳುವವರು ಕೇಳುವವರು ಯಾರೂ ಇಲ್ಲ, ಅದನ್ನು ಅನುಭವಿಸುವ ದಾರಿಹೋಕರನ್ನು ಬಿಟ್ಟರೆ. ವಾಸ್ತುಶಿಲ್ಪದ ಪುಸ್ತಕಗಳು ಮೊದಲನೆಯದನ್ನೇ ಹೊಗಳುತ್ತವೆ. ಎರಡನೆಯದರಿಂದಲೂ ಒಂದು ಕಟ್ಟಡವನ್ನು ತೂಗಿ ನೋಡಬಹುದು ಎನ್ನುವುದು ನನ್ನ ಇಂದಿನ ವಾದ.

ಮೊದಲು ಊರು ಕುಳಿತಿರುವ ಜಾಗ. ಶಿಕಾಗೊ ಇರುವುದು ಮಿಶಿಗನ್ ಸರೋವರದ ನೈಋತ್ಯ ದಂಡೆಯಲ್ಲಿ. ಸರೋವರ ಎಂದೊಡನೆ ಆಚೆ ದಡ ಕಾಣುವ ಕೆರೆಯನ್ನು ನೆನೆಯಬೇಡಿ. ಅದರ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್, ದಂಡೆಯಲ್ಲಿ ನಿಂತವರಿಗೆ ಅದು ಸಮುದ್ರವೇ. ಮಿಕ್ಕ ದಿಕ್ಕುಗಳಲ್ಲಿ ಸಪಾಟು ಬಯಲು. ಕೆನಡಾದ ಕಡೆಯಿಂದ ಇಳಿದು ಬರುವ ಥಂಡಿಗಾಗಲಿ, ದಕ್ಷಿಣದಿಂದ ಏರಿ ಬರುವ ಹಬೆಯಂಥ ಸೆಕೆಗಾಗಲಿ ಅಡ್ಡ ನಿಲ್ಲುವ ಒಂದು ಗುಡ್ಡವೂ ಇಲ್ಲ. 1985ರ ಜನವರಿ 20ರಂದು ಅಲ್ಲಿ ಉಷ್ಣಾಂಶ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. 1995ರ ಜುಲೈ 13ರಂದು ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 41 ಡಿಗ್ರಿ ದಾಖಲಾಯಿತು. ಅಂದರೆ ಹತ್ತೂವರೆ ವರ್ಷಗಳ ಒಳಗೆ, ಒಂದೇ ಊರಿನ ಅದೇ ಗೋಡೆ, ಅದೇ ಕಿಟಕಿಗಳು 74 ಡಿಗ್ರಿಗಳ ಅಂತರವನ್ನು ತಡೆದುಕೊಳ್ಳಬೇಕಾಯಿತು.

ಇದರ ನಡುವೆ ಸರೋವರದ ತರಲೆ ಬೇರೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳುಗಳ ಹವಾಮಾನ ವರದಿಯಲ್ಲಿ ‘ಸರೋವರದ ಹತ್ತಿರ ತಂಪು’ ಎಂಬ ಮಾತು ದಿನವೂ ಬರುತ್ತದೆ. ಪಶ್ಚಿಮದ ಬಡಾವಣೆಯಿಂದ ಅರೆತೋಳಿನ ಅಂಗಿಯಲ್ಲಿ ಹೊರಟವರು ಪೂರ್ವದ ದಂಡೆಗೆ ಬರುವಷ್ಟರಲ್ಲಿ ಜಾಕೆಟ್ಟು ಹುಡುಕುತ್ತಾರೆ. ಒಂದೇ ನಗರದಲ್ಲಿ, ಒಂದೇ ಮಧ್ಯಾಹ್ನ ಹತ್ತು ಡಿಗ್ರಿಯಷ್ಟು ವ್ಯತ್ಯಾಸವಾಗುವುದು ಅಲ್ಲಿ ಸುದ್ದಿಯೇ ಅಲ್ಲ.

ಈಗ ಬಾಗಿಲಿಗೆ ಬರೋಣ. ಚಳಿಗಾಲದಲ್ಲಿ ಎತ್ತರದ ಕಟ್ಟಡವೊಂದರ ಸಾಮಾನ್ಯ ಬಾಗಿಲನ್ನು ತೆರೆದರೆ ಗಾಳಿ ಸಿಳ್ಳೆ ಹಾಕುತ್ತ ಒಳಗೆ ನುಗ್ಗುತ್ತದೆ. ಹೊರಗೆ ಗಾಳಿಯೇ ಬೀಸದ ದಿನವೂ ನುಗ್ಗುತ್ತದೆ. ಇದು ಮೊದಲಿಗೆ ನನಗೆ ವಿಚಿತ್ರವಾಗಿ ಕಂಡಿತ್ತು. ಕಾರಣ ಸರಳ. ಒಳಗಿನ ಬಿಸಿಗಾಳಿ ಹಗುರ. ಲಿಫ್ಟಿನ ಬಾವಿಗಳಲ್ಲಿ, ಮೆಟ್ಟಿಲ ಸಾಲುಗಳಲ್ಲಿ ಅದು ಮೇಲೇರಿ ತುದಿಯ ಸಂದುಗಳಿಂದ ಹೊರಬೀಳುತ್ತದೆ, ಆ ಖಾಲಿ ತುಂಬಲು ಬುಡದಿಂದ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ, ಕಟ್ಟಡ ಎತ್ತರವಾದಷ್ಟೂ ಸೆಳೆತ ಹೆಚ್ಚು. ಇದಕ್ಕೆ ಮದ್ದಾಗಿ ಬಂದದ್ದು ಸುತ್ತುವ ಬಾಗಿಲು. ಫಿಲಡೆಲ್ಫಿಯಾದ ಥಿಯೊಫಿಲಸ್ ವಾನ್ ಕ್ಯಾನೆಲ್ 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೂರೋ ನಾಲ್ಕೋ ರೆಕ್ಕೆಗಳ ಆ ಬಾಗಿಲಿನ ಅಂಚುಗಳನ್ನು ಹತ್ತಿರದಿಂದ ನೋಡಿ: ಪ್ರತಿ ರೆಕ್ಕೆಯ ಮೂರು ಬದಿಗೂ ರಬ್ಬರಿನ ಪಟ್ಟಿ ಅಥವಾ ಕುಂಚದಂಥ ಎಳೆಗಳಿರುತ್ತವೆ, ಅವು ದುಂಡನೆಯ ಗೋಡೆಯನ್ನು ಸವರಿಕೊಂಡೇ ತಿರುಗುತ್ತವೆ. ಜನ ಒಳಗೆ ಬರುತ್ತಲೇ ಇರುತ್ತಾರೆ, ಬಾಗಿಲು ಮಾತ್ರ ಯಾವ ಕ್ಷಣದಲ್ಲೂ ತೆರೆದಿರುವುದಿಲ್ಲ. ಪಕ್ಕದಲ್ಲಿರುವ ಮಾಮೂಲಿ ಬಾಗಿಲಿನ ಮೇಲೆ, ದಯವಿಟ್ಟು ಸುತ್ತುವ ಬಾಗಿಲನ್ನೇ ಬಳಸಿ ಎಂಬ ಫಲಕವಿರುತ್ತದೆ. ಆ ವಿನಯದ ಹಿಂದೆ ಇರುವುದು ಹೀಟಿಂಗ್ ಬಿಲ್ಲು.

ಸುತ್ತುವ ಬಾಗಿಲಿಲ್ಲದ ಕಡೆ ಎರಡು ಬಾಗಿಲುಗಳ ನಡುವೆ ಒಂದು ಸಣ್ಣ ಕೋಣೆ ಇರುತ್ತದೆ. ನಮ್ಮ ಹಳೆಯ ಮನೆಗಳ ಜಗಲಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಇದು ಮಾಡುತ್ತದೆ, ಹೊರಗಿನವರನ್ನು ಒಮ್ಮೆಗೇ ಒಳಗಿನವರನ್ನಾಗಿ ಮಾಡದೆ ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ. ನೆಲದ ಒರಟು ಚಾಪೆಯಲ್ಲಿ ಬೂಟಿನಿಂದ ಉದುರಿದ ಹಿಮ ಕರಗಿ ಕೆಸರಾಗಿರುತ್ತದೆ. ರಸ್ತೆಗೆ ಸುರಿದ ಉಪ್ಪು ಅಂಚುಗಳಲ್ಲಿ ಬಿಳಿಯ ಗೆರೆ ಬರೆದಿರುತ್ತದೆ. ಮೇಲಿನಿಂದ ಬಿಸಿಗಾಳಿ ಬೀಳುತ್ತಿರುತ್ತದೆ. ಕನ್ನಡಕ ಹಾಕಿದವರು ಏನೂ ಕಾಣದೆ ನಿಂತಿರುತ್ತಾರೆ. ಯಾವ ವಾಸ್ತುಶಿಲ್ಪ ಪ್ರಶಸ್ತಿಯ ಚಿತ್ರಸಂಪುಟದಲ್ಲೂ ಈ ಕೋಣೆಯ ಫೋಟೋ ನಾನು ಕಂಡಿಲ್ಲ. ಆದರೆ ಬಸ್ಸಿಗೆ ಕಾಯುವವರು, ಸಿಗ್ನಲ್ ಬದಲಾಗುವವರೆಗೆ ಕೈ ಬೆಚ್ಚಗೆ ಮಾಡಿಕೊಳ್ಳುವವರು, ಮಲಗಲು ನೆಲೆಯಿಲ್ಲದವರು, ಎಲ್ಲರಿಗೂ ಆ ಕಟ್ಟಡ ಎಂಥದ್ದು ಎಂಬುದು ತಿಳಿಯುವುದು ಅಲ್ಲಿಯೇ; ಎರಡು ನಿಮಿಷ ನಿಂತರೆ ಕಾವಲುಗಾರ ಸುಮ್ಮನಿರುತ್ತಾನೋ, ಬಂದು ವಿಚಾರಿಸುತ್ತಾನೋ ಎಂಬುದರಿಂದ.

ಕಿಟಕಿಯ ಕಥೆ ಹಳೆಯದು. 1871ರ ಅಕ್ಟೋಬರಿನ ಬೆಂಕಿಯಲ್ಲಿ ನಗರದ ನಡುಭಾಗವೇ ಸುಟ್ಟು ಸುಮಾರು ಒಂದು ಲಕ್ಷ ಜನ ನಿರಾಶ್ರಿತರಾದರು. ಮತ್ತೆ ಕಟ್ಟುವ ಅವಸರ, ಜಾಗದ ಬೆಲೆ, ಲಿಫ್ಟು, ಉಕ್ಕು ಇವೆಲ್ಲ ಕೂಡಿ ಕಟ್ಟಡಗಳು ಮೇಲಕ್ಕೆ ಬೆಳೆದವು. ವಿಲಿಯಂ ಲೆ ಬ್ಯಾರನ್ ಜೆನ್ನಿಯವರ ಹೋಮ್ ಇನ್ಶೂರೆನ್ಸ್ ಕಟ್ಟಡ 1885ರಲ್ಲಿ ಲೋಹದ ಚೌಕಟ್ಟಿನ ಮೇಲೆ ಹತ್ತು ಅಂತಸ್ತು ನಿಂತಿತು. 1931ರಲ್ಲಿ ಅದನ್ನು ಕೆಡವಿದರು. ಈ ಬದಲಾವಣೆಯನ್ನು ಇವತ್ತಿಗೂ ಕೈಯಿಂದ ಮುಟ್ಟಿ ನೋಡಬೇಕಾದರೆ ಮೊನಾಡ್‌ನಾಕ್ ಕಟ್ಟಡಕ್ಕೆ ಹೋಗಬೇಕು. 1891ರಲ್ಲಿ ಮುಗಿದ ಅದರ ಉತ್ತರಾರ್ಧದ ಹದಿನಾರು ಅಂತಸ್ತುಗಳನ್ನು ಇಟ್ಟಿಗೆಯ ಗೋಡೆಗಳೇ ಹೊತ್ತಿವೆ. ಬುಡದಲ್ಲಿ ಗೋಡೆಯ ದಪ್ಪ ಆರು ಅಡಿ. ಎರಡು ವರ್ಷ ಬಿಟ್ಟು ಕಟ್ಟಿದ ದಕ್ಷಿಣಾರ್ಧ ಉಕ್ಕಿನ ಚೌಕಟ್ಟಿನದು, ಅಲ್ಲಿ ಗೋಡೆಗೆ ಅಂಥ ದಪ್ಪ ಬೇಕಿಲ್ಲ. ಗೋಡೆ ಭಾರ ಹೊರುವುದನ್ನು ಬಿಟ್ಟ ಮೇಲೆ ಅದರ ಜಾಗಕ್ಕೆ ಗಾಜು ಬಂದಿತು. 1895ರ ರಿಲಯನ್ಸ್ ಕಟ್ಟಡದಲ್ಲಿ ಕಾಣುವ ಕಿಟಕಿಗೆ ಊರಿನ ಹೆಸರೇ ನಿಂತಿದೆ, ‘ಶಿಕಾಗೊ ಕಿಟಕಿ’ ಎಂದು: ನಡುವೆ ತೆರೆಯಲಾಗದ ಒಂದು ಅಗಲವಾದ ಗಾಜು, ಎರಡೂ ಪಕ್ಕದಲ್ಲಿ ಮೇಲೆ ಕೆಳಗೆ ಸರಿಯುವ ಕಿರಿದಾದ ಕಿಟಕಿಗಳು. ಬೆಳಕಿಗೆ ಒಂದು, ಗಾಳಿಗೆ ಎರಡು. ಏರ್ ಕಂಡೀಷನರ್ ಇಲ್ಲದ ಕಾಲದ ಈ ಹಂಚಿಕೆಯಷ್ಟು ವಿವೇಕದ ಕಿಟಕಿಯನ್ನು ಆ ಊರಿನ ಮುಂದಿನ ಗಾಜಿನ ಗೋಪುರಗಳಲ್ಲಿ ನಾನು ಕಾಣಲಿಲ್ಲ. ಅವುಗಳಲ್ಲಿ ಮೂವತ್ತನೆಯ ಮಹಡಿಯಲ್ಲಿ ಕುಳಿತವರಿಗೆ ಹೊರಗೆ ಸೆಕೆಯೋ ಚಳಿಯೋ ತಿಳಿಯಬೇಕಾದರೆ ಫೋನ್ ತೆಗೆದು ನೋಡಬೇಕು.

ಗಾಳಿಯ ವಿಷಯಕ್ಕೆ ಬಂದಾಗ ಇನ್ನೊಬ್ಬ ಪರದೇಶಿಯ ಹೆಸರು ಹೇಳದೆ ಮುಂದೆ ಹೋಗಲಾಗದು. 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಓದಲೆಂದು ಇಲಿನಾಯ್‌ಗೆ ಬಂದು, ಶಿಕಾಗೊದಲ್ಲಿ ಎಂಜಿನಿಯರಾಗಿ ನೆಲೆಸಿದವರು. ಎತ್ತರದ ಕಟ್ಟಡದ ದೊಡ್ಡ ತೊಡಕು ಅದರ ತೂಕಕ್ಕಿಂತ ಹೆಚ್ಚಾಗಿ ಅದನ್ನು ಪಕ್ಕಕ್ಕೆ ತಳ್ಳುವ ಗಾಳಿ. ಆ ಒತ್ತಡವನ್ನು ಒಳಗಿನ ಕಂಬಗಳ ಮೇಲೆ ಹಾಕುವ ಬದಲು ಹೊರಗಿನ ಮೈಯನ್ನೇ ಗಟ್ಟಿ ಕೊಳವೆಯಂತೆ ಕಟ್ಟಿದರೆ ಬಹಳ ಕಡಿಮೆ ಉಕ್ಕು ಸಾಕು ಎಂದು ಅವರು ತೋರಿಸಿದರು. 1969ರ ಜಾನ್ ಹ್ಯಾನ್‌ಕಾಕ್ ಸೆಂಟರ್‌ನ ನೂರು ಅಂತಸ್ತುಗಳ ಮೈಮೇಲೆ ಓರೆಯಾಗಿ ಹಾಯ್ದು ಹೋಗುವ ಆ ಕಪ್ಪು ತೊಲೆಗಳು ಅಲಂಕಾರಕ್ಕಲ್ಲ, ಗಾಳಿಗೆ ಒಡ್ಡಿದ ಕೈಗಳು ಅವು. ನಾಲ್ಕೈದು ವರ್ಷಗಳ ತರುವಾಯ ಒಂಬತ್ತು ಚೌಕ ಕೊಳವೆಗಳನ್ನು ಒಟ್ಟು ಕಟ್ಟಿದಂತಿರುವ 442 ಮೀಟರ್ ಎತ್ತರದ ಸಿಯರ್ಸ್ ಗೋಪುರ ಎದ್ದಿತು. ಈಗ ಅದರ ಹೆಸರು ವಿಲ್ಲಿಸ್. ಎರಡರಲ್ಲೂ ಖಾನ್ ಜೊತೆಗೆ ದುಡಿದ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ. ಕಟ್ಟಡ ಎಷ್ಟು ತೂಗಾಡಿದರೆ ಒಳಗಿರುವವರಿಗೆ ಅರಿವಾಗುತ್ತದೆ ಎಂಬುದನ್ನು ತಿಳಿಯಲು ಖಾನ್ ಅವರು ಶಿಕಾಗೊದ ವಿಜ್ಞಾನ ಸಂಗ್ರಹಾಲಯದಲ್ಲಿದ್ದ, ತಿರುಗುವ ಪ್ರದರ್ಶನ ವೇದಿಕೆಯೊಂದರ ಮೇಲೆ ಜನರನ್ನು ಕೂರಿಸಿ ನಿಲ್ಲಿಸಿ ನೋಡಿದ್ದರು. ಹ್ಯಾನ್‌ಕಾಕ್‌ನ ಮೇಲ್ಭಾಗದಲ್ಲಿ ಮನೆಗಳಿವೆ. ಮೋಡ ಕೆಳಗಿಳಿದ ದಿನ ಅಲ್ಲಿನವರು, ಕೆಳಗೆ ಮಳೆ ಬರುತ್ತಿದೆಯೇ ಎಂದು ಬಾಗಿಲ ಬಳಿಯ ಸಿಬ್ಬಂದಿಗೆ ಫೋನ್ ಮಾಡಿ ಕೇಳುವುದುಂಟು.

ಇತ್ತೀಚಿನ ಕಟ್ಟಡಗಳ ಉಪಾಯ ಇನ್ನೂ ಜಾಣತನದ್ದು. ಜೀನ್ ಗ್ಯಾಂಗ್ ಅವರ ತಂಡ ರೂಪಿಸಿದ, 2009ರ ಹೊತ್ತಿಗೆ ಎದ್ದುನಿಂತ ಆಕ್ವಾ ಗೋಪುರದ ಬಾಲ್ಕನಿಗಳು ಒಂದೊಂದು ಮಹಡಿಯಲ್ಲಿ ಒಂದೊಂದು ರೀತಿ ಬಾಗಿ ಅಲೆಗಳಂತೆ ಕಾಣುತ್ತವೆ. ನೋಡಲು ಚಂದ ಎಂಬುದು ಒಂದು. ಆ ಏರುಪೇರು ಗಾಳಿಯನ್ನು ಚೂರುಚೂರು ಮಾಡಿ ಒಂದೇ ಲಯದಲ್ಲಿ ತಳ್ಳಲು ಬಿಡುವುದಿಲ್ಲ ಎಂಬುದು ಇನ್ನೊಂದು. ಅದೇ ತಂಡದ 101 ಅಂತಸ್ತಿನ ಸೇಂಟ್ ರೀಜಿಸ್ ಗೋಪುರದಲ್ಲಿ 83ನೆಯ ಮಹಡಿಯನ್ನು ಪೂರ್ತಿ ಖಾಲಿ ಬಿಟ್ಟಿದ್ದಾರೆ. ಅಲ್ಲಿ ಯಾರೂ ವಾಸವಿಲ್ಲ. ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೋಗುತ್ತದೆ. ದುಬಾರಿ ನೆಲದ ಆ ಭಾಗದಲ್ಲಿ ಗಾಳಿಗೆಂದು ಒಂದು ಇಡೀ ಮಹಡಿಯನ್ನು ಬಿಟ್ಟುಕೊಟ್ಟಿದ್ದು ನನಗೆ ಬಹಳ ಹಿಡಿಸಿತು.

ಆದರೆ ಇಷ್ಟೆಲ್ಲ ಜಾಣತನ ಒಳಗಿರುವವರ ಲೋಟದ ನೀರು ತುಳುಕದಿರಲೆಂದು. ಬುಡದಲ್ಲಿ ಏನಾಗುತ್ತದೆ? ನೆಲದಿಂದ ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚು. ಆ ವೇಗದ ಗಾಳಿ ಚಪ್ಪಟೆ ಮೈಗೆ ಬಡಿದಾಗ ಒಂದು ಭಾಗ ಗೋಡೆಗುಂಟ ಕೆಳಗಿಳಿದು, ಫುಟ್‌ಪಾತ್ ತಲುಪಿ, ಎರಡೂ ಮೂಲೆಗಳಿಂದ ನುಸುಳಿ ಹೊರಡುತ್ತದೆ. ಮುಂದೆ ಬರಿದಾದ ಕಲ್ಲಿನ ಅಂಗಳವಿದ್ದರಂತೂ ಕೇಳುವುದೇ ಬೇಡ. ರಸ್ತೆಗಳೆಲ್ಲ ಸೂತ್ರ ಹಿಡಿದಂತೆ ನೇರವಾಗಿರುವುದರಿಂದ ಗಾಳಿಗೆ ಓಣಿಯೂ ಸಿದ್ಧ. ಜನವರಿಯ ಬೆಳಿಗ್ಗೆ ಅಂಥ ಮೂಲೆಯಲ್ಲಿ ಕೋಟು ತೊಟ್ಟ ಗಂಭೀರ ಮನುಷ್ಯರು ಗಾಳಿಗೆ ಬೆನ್ನು ಕೊಟ್ಟು ಹಿಮ್ಮುಖವಾಗಿ ನಡೆಯುವುದನ್ನು ನೋಡಬಹುದು; ಏಪ್ರಿಲ್ ಮಳೆಯ ದಿನವಾದರೆ ಕಸದ ತೊಟ್ಟಿಗಳ ತುಂಬ ಮುರಿದ ಕೊಡೆಗಳು. ಮೆಚ್ಚಬೇಕಾದ ವಿನಾಯಿತಿ ಎಂದರೆ ಮೇಲ್ಸೇತುವೆಯ ರೈಲು ನಿಲ್ದಾಣಗಳ ದೀಪಗಳು. ಗುಂಡಿ ಒತ್ತಿದರೆ ತಲೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಕಾದು ಕೆಲವು ನಿಮಿಷ ಶಾಖ ಕೊಡುತ್ತವೆ. ನೆತ್ತಿ ಬೆಚ್ಚಗಾಗುತ್ತದೆ, ಕಾಲು ಮರಗಟ್ಟಿಯೇ ಇರುತ್ತದೆ. ಪಾರಿವಾಳಗಳೂ ಬಂದು ಸೇರುತ್ತವೆ.

ಬುಡದ ಹವೆಯಲ್ಲಿ ಮೇಲಿನಿಂದ ಬೀಳುವುದೂ ಸೇರಿದೆ. ಹಿಮ ಬಿದ್ದು ಬಿಸಿಲು ಬಂದ ದಿನ ನಡುನಗರದ ಫುಟ್‌ಪಾತ್‌ಗಳಲ್ಲಿ, ಮೇಲಿನಿಂದ ಮಂಜುಗಡ್ಡೆ ಬೀಳುತ್ತದೆ ಜೋಕೆ ಎಂಬ ಮಡಚು ಫಲಕಗಳು ಎದ್ದು ನಿಲ್ಲುತ್ತವೆ. ಎಚ್ಚರ ವಹಿಸಬೇಕಾದವರು ನಾವು. ಹೇಗೆ ಎಂದು ಫಲಕ ಹೇಳುವುದಿಲ್ಲ. ಇನ್ನು ಕಲ್ಲೇ ಬೀಳುವ ಹಂತಕ್ಕೆ ಹೋದದ್ದು ಈಗಿನ ಏಯಾನ್ ಸೆಂಟರ್. 1970ರ ದಶಕದ ಆರಂಭದಲ್ಲಿ ಕಟ್ಟುವಾಗ ಅದಕ್ಕೆ ಇಟಲಿಯ ಕರಾರಾ ಅಮೃತಶಿಲೆಯ ಸುಮಾರು 43,000 ತೆಳು ಹಲಗೆಗಳನ್ನು ಹೊದಿಸಿದ್ದರು. ಕಟ್ಟುತ್ತಿರುವಾಗಲೇ, 1973ರ ಕ್ರಿಸ್‌ಮಸ್ ದಿನ, ಒಂದು ಹಲಗೆ ಕಳಚಿ ಪಕ್ಕದ ಕಟ್ಟಡದ ಸೂರನ್ನು ತೂತು ಮಾಡಿತು. ಆಮೇಲಿನ ವರ್ಷಗಳ ಕಾಯುವಿಕೆ, ತಣಿಯುವಿಕೆಗಳಲ್ಲಿ ಹಲಗೆಗಳು ಬಿಲ್ಲಿನಂತೆ ಹೊರಕ್ಕೆ ಬಾಗತೊಡಗಿದವು. 1990ರಿಂದ 1992ರವರೆಗೆ ಎಲ್ಲವನ್ನೂ ಬಿಚ್ಚಿ ಬಿಳಿಯ ಗ್ರಾನೈಟ್ ಹಾಕಿದರು; 8 ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಇದಕ್ಕೆ ತೀರ ವಿರುದ್ಧವಾದದ್ದು 1965ರ ಡೇಲಿ ಸೆಂಟರ್. ಅದರ ಉಕ್ಕನ್ನು ಬಣ್ಣ ಬಳಿಯದೆ ಹಾಗೇ ಬಿಟ್ಟಿದ್ದಾರೆ. ಮಳೆ ಹಿಮಗಳಿಗೆ ಮೈಯೊಡ್ಡಿ ಅದರ ಮೇಲೆ ಕಟ್ಟುವ ತುಕ್ಕಿನ ಪದರವೇ ಒಳಗಿನ ಉಕ್ಕನ್ನು ಕಾಯುತ್ತದೆ. ಅದರ ಅಂಗಳದಲ್ಲಿ 1967ರಲ್ಲಿ ನಿಲ್ಲಿಸಿದ ಪಿಕಾಸೊ ಶಿಲ್ಪವೂ ಅದೇ ಉಕ್ಕಿನದು. ಹವೆಯನ್ನು ತಡೆದುಕೊಂಡ ಕಟ್ಟಡಗಳು ಆ ಊರಿನಲ್ಲಿ ನೂರಾರಿವೆ, ಹವೆಯಿಂದಲೇ ಬಣ್ಣ ಪಡೆದದ್ದು ಇದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಡುನಗರದ ಮಾತು. ಆದರೆ ಶಿಕಾಗೊದವರು ಹೆಚ್ಚಾಗಿ ಬದುಕುವುದು ಇಟ್ಟಿಗೆಯ ಒಂದರಿಂದ ಮೂರು ಅಂತಸ್ತಿನ ಮನೆಗಳಲ್ಲಿ. 1910ರಿಂದ 1940ರ ನಡುವೆ ಕಟ್ಟಿದ, ಅಲ್ಲಿ ‘ಬಂಗಲೆ’ ಎನ್ನುವ ಒಂದೂವರೆ ಅಂತಸ್ತಿನ ಸಣ್ಣ ಮನೆಗಳೇ ಸುಮಾರು 80,000 ಇವೆ. ಎರಡು ಸಂಸಾರಗಳಿಗೆ ಮೇಲೊಂದು ಕೆಳಗೊಂದು ಎಂದು ಕಟ್ಟಿದ ಮನೆಗಳು, ಹಿಂಬದಿಗೆ ಅಂಟಿಕೊಂಡ ಮರದ ಮೆಟ್ಟಿಲು, ಕಿಟಕಿಯ ಕೆಳಗೆ ಠಕ್ ಠಕ್ ಎಂದು ಬಡಿದುಕೊಳ್ಳುತ್ತ ಕಾಯುವ ಕಬ್ಬಿಣದ ರೇಡಿಯೇಟರ್. ಹಳೆಯ ಹಬೆಯ ವ್ಯವಸ್ಥೆಯಲ್ಲಿ ಶಾಖ ಹೆಚ್ಚು ಕಡಿಮೆ ಮಾಡುವುದು ಸುಲಭವಲ್ಲ. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಸೆಕೆ ತಾಳದೆ ಕಿಟಕಿ ತೆರೆದಿಟ್ಟ ಮನೆಗಳನ್ನು ಎಷ್ಟೋ ನೋಡಿದ್ದೇನೆ.

ಈ ಮನೆಗಳನ್ನು, ಅವುಗಳ ಕಾನೂನನ್ನು ಕೂಡ, ಚಳಿಗೆ ಹೆದರಿ ಕಟ್ಟಿದ್ದಾರೆ. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಬಾಡಿಗೆ ಮನೆಗಳಲ್ಲಿ ಹಗಲು ಕನಿಷ್ಠ 20 ಡಿಗ್ರಿ, ರಾತ್ರಿ ಕನಿಷ್ಠ 19 ಡಿಗ್ರಿಯಷ್ಟು ಶಾಖ ಇರಲೇಬೇಕೆಂದು ನಗರದ ನಿಯಮವಿದೆ; ಬಹಳ ಒಳ್ಳೆಯ ನಿಯಮ. ಸೆಕೆಗೆ ಅಂಥ ನಿಯಮ ಇರಲಿಲ್ಲ. 1995ರ ಜುಲೈನಲ್ಲಿ ಕೆಲವೇ ದಿನಗಳ ಉರಿಯಲ್ಲಿ ಮಾಮೂಲಿಗಿಂತ 739 ಜನ ಹೆಚ್ಚಾಗಿ ಸತ್ತರು. ಸತ್ತವರಲ್ಲಿ ಬಹುಪಾಲು ಮುದುಕರು, ಬಡವರು, ಒಂಟಿಯಾಗಿದ್ದವರು. ಡಾಂಬರು ಹೊದಿಸಿದ ಕಪ್ಪು ತಾರಸಿಯ ಕೆಳಗಿನ ಕಡೆಯ ಮಹಡಿ, ಹಗಲೆಲ್ಲ ಕಾದು ರಾತ್ರಿಯಿಡೀ ಒಳಕ್ಕೆ ಶಾಖ ಉಗುಳುವ ಇಟ್ಟಿಗೆ, ಕಳ್ಳರ ಭಯಕ್ಕೆ ಮುಚ್ಚಿಟ್ಟ ಕಿಟಕಿ. ಚಳಿಗಾಲದಲ್ಲಿ ಕಾಪಾಡುವ ಗುಣಗಳೇ ಆ ವಾರ ಕೊಂದವು. ತರುವಾಯ ಬಂದ ಬದಲಾವಣೆಗಳಲ್ಲಿ ಹೆಸರಾದದ್ದು ನಗರಾಡಳಿತದ ಕಟ್ಟಡದ ಮೇಲೆ 2001ರ ಹೊತ್ತಿಗೆ ಮುಗಿದ ತಾರಸಿ ತೋಟ. ತೋಟ ಚೆನ್ನಾಗಿದೆ. ಆದರೆ 2022ರ ಮೇ ನಡುವಿನಲ್ಲಿ, ಅಕಾಲದ ಸೆಕೆಯ ದಿನಗಳಲ್ಲಿ, ಉತ್ತರ ಭಾಗದ ಹಿರಿಯರ ವಸತಿ ಕಟ್ಟಡವೊಂದರಲ್ಲಿ ಮೂವರು ಮಹಿಳೆಯರು ಶಾಖದಿಂದ ತೀರಿಕೊಂಡರು. ಜೂನ್ 1 ಇನ್ನೂ ಬಂದಿರಲಿಲ್ಲವಾದ್ದರಿಂದ ಕಟ್ಟಡದ ಹೀಟಿಂಗ್ ಇನ್ನೂ ನಡೆಯುತ್ತಿತ್ತು. ನಿಯಮ ಕೇಳಿದ್ದು ಕನಿಷ್ಠ ಶಾಖವನ್ನು, ಸೆಕೆಯ ದಿನ ಬಾಯ್ಲರ್ ಉರಿಸಿ ಎಂದು ಅದು ಹೇಳಿರಲಿಲ್ಲ. ಮರು ತಿಂಗಳೇ ಹಿರಿಯರ ವಸತಿಗಳಲ್ಲಿಯೂ ಎತ್ತರದ ವಸತಿ ಕಟ್ಟಡಗಳಲ್ಲಿಯೂ ತಂಪಾಗಿರಿಸಿದ ಸಾಮಾನ್ಯ ಕೊಠಡಿಗಳು ಇರಬೇಕೆಂದು ನಗರಸಭೆ ನಿಯಮ ಮಾಡಿತು. ಕ್ಯಾಲೆಂಡರನ್ನು ನಂಬಿ ನಡೆಯುವ ಕಟ್ಟಡ ಅಲ್ಲಿನ ಹವೆಗೆ ಸಾಲದು ಎಂಬುದು ಅಲ್ಲಿಯವರಿಗೇ ತಿಳಿಯಲು 27 ವರ್ಷ ಹಿಡಿಯಿತು.

ಮಳೆಯ ಬಗ್ಗೆ ಒಂದೇ ಮಾತು. ಸರೋವರಕ್ಕಿಂತ ತುಸುವೇ ಎತ್ತರದ ಜೌಗಿನಲ್ಲಿ ನೀರು ಹರಿಯಲು ಇಳಿಜಾರಿಲ್ಲದ ಕಾರಣ, 1850ರ ದಶಕದಿಂದ ಚರಂಡಿಗಳನ್ನು ನೆಲದ ಮೇಲೆಯೇ ಹಾಕಿ, ರಸ್ತೆಗಳಿಗೆ ಮಣ್ಣು ತುಂಬಿ ಇಡೀ ನಡುನಗರವನ್ನೇ ಎತ್ತರಿಸಿದರು. 1861ರಲ್ಲಿ ಟ್ರೆಮಾಂಟ್ ಹೌಸ್ ಎಂಬ ಆರಂತಸ್ತಿನ ಇಟ್ಟಿಗೆಯ ಹೋಟೆಲ್ಲನ್ನು ಸಾವಿರಾರು ಜಾಕುಗಳಿಟ್ಟು ಮೇಲೆತ್ತಿದ್ದರು. ಪಿಲ್ಸನ್ ಬಡಾವಣೆಯಲ್ಲಿ ಈಗಲೂ ಕೆಲವು ಹಳೆಯ ಮನೆಗಳ ಅಂಗಳ ಫುಟ್‌ಪಾತ್‌ಗಿಂತ ತಗ್ಗಿನಲ್ಲಿದೆ. ಚಿಕ್ಕ ಸೇತುವೆಯಂಥ ಮೆಟ್ಟಿಲು ದಾಟಿ ಮನೆಯ ಎರಡನೆಯ ಅಂತಸ್ತನ್ನು ಹೊಗಬೇಕು. ರಸ್ತೆ ಮೇಲೆದ್ದಿತು, ಬಡವರ ಮನೆ ಇದ್ದಲ್ಲೇ ಉಳಿಯಿತು.

ಹವೆಯಿಂದ ತಪ್ಪಿಸಿಕೊಳ್ಳಲು ನಡುನಗರದಲ್ಲಿ ಒಂದು ಅಧಿಕೃತ ದಾರಿಯಿದೆ. 1951ರಿಂದ ತುಣುಕು ತುಣುಕಾಗಿ ಬೆಳೆದ, ನಲವತ್ತರಷ್ಟು ಬ್ಲಾಕುಗಳನ್ನು ಹೆಚ್ಚಾಗಿ ನೆಲದಡಿಯಲ್ಲಿ ಬೆಸೆಯುವ, ಸುಮಾರು 8 ಕಿಲೋಮೀಟರಿನ ‘ಪೆಡ್‌ವೇ’, ಅಂದರೆ ಪಾದಚಾರಿಗಳ ದಾರಿ. ಪ್ರತಿ ತುಣುಕಿಗೂ ಬೇರೆ ಮಾಲೀಕರು, ಬೇರೆ ಬೆಳಕು, ಬೇರೆ ವೇಳೆ. ಕಚೇರಿ ಮುಗಿದ ಮೇಲೆ ಹಲವು ಬಾಗಿಲುಗಳು ಮುಚ್ಚುತ್ತವೆ. ಒಳಗಿನ ಹವೆಯನ್ನು ಹೊರಗಿನವರಿಗೂ ಹಂಚುವ ಈ ಯೋಜನೆ ಒಳ್ಳೆಯದಾದರೂ ಅದರಲ್ಲಿ ದಾರಿ ತಪ್ಪದೆ ನಡೆದ ಹೊಸಬರನ್ನು ನಾನು ಕಂಡಿಲ್ಲ.

ಆದ್ದರಿಂದ ನಿಮ್ಮಲ್ಲಿ ಯಾರಾದರೂ ಚಳಿಗಾಲದಲ್ಲಿ ಅಲ್ಲಿಗೆ ಹೋಗುವುದಾದರೆ, ವಿಲ್ಲಿಸ್ ಗೋಪುರದ ತುದಿಗೆ ಹೋಗುವ ಮೊದಲು ಮೊನಾಡ್‌ನಾಕ್‌ಗೆ ಹೋಗಿ. ಜಾಕ್ಸನ್ ರಸ್ತೆಯಲ್ಲಿ ಒಳಹೊಕ್ಕರೆ ಕಟ್ಟಡದ ಉದ್ದಕ್ಕೂ ಒಂದು ಕಿರಿದಾದ ಓಣಿಯಿದೆ. ಎರಡೂ ಪಕ್ಕಕ್ಕೆ ಚಿಕ್ಕ ಚಿಕ್ಕ ಅಂಗಡಿಗಳು, ಅವುಗಳ ಗಾಜು ಓಣಿಯ ಕಡೆಗೂ ಇದೆ, ರಸ್ತೆಯ ಕಡೆಗೂ ಇದೆ. ಕೆಲಸದ ದಿನಗಳಲ್ಲಿ ಅಲ್ಲಿ ಹಾಯ್ದು ಹೋಗುವವರೆಲ್ಲ ಗಿರಾಕಿಗಳಲ್ಲ. ಹೊರಗಿನ ಗಾಳಿಗೆ ಒಂದು ಬ್ಲಾಕಿನ ಮಟ್ಟಿಗೆ ಚಕ್ಕರ್ ಹೊಡೆದು ವಾನ್ ಬ್ಯೂರೆನ್ ರಸ್ತೆಗೆ ಹೊರಬೀಳುವವರೂ ಇರುತ್ತಾರೆ. ಅವರನ್ನು ಯಾರೂ ವಿಚಾರಿಸುವುದಿಲ್ಲ.